ಮೈಲುತುತ್ತದ ಲೆಕ್ಕ ಮಣ್ಣಿನಲ್ಲಿದೆ

ಅಡಿಕೆ ಬೆಳೆಗಾರ ಬಾಂಧವರೇ,

ಲಿಂಗನಮಕ್ಕಿ ಹಿನ್ನೀರಿನ ಸುತ್ತಲಿನ ಸಾಗರ, ಹೊಸನಗರ ಮತ್ತು ನೆರೆಯ ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬೋರ್ಡೋ ದ್ರಾವಣವಿಲ್ಲದೆ ಮಳೆಗಾಲ ಕಳೆಯುವುದು ಕಷ್ಟ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಕುರಿತು ವರದಿ ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದಲೂ ಈ ದ್ರಾವಣ ನಮ್ಮ ಫಸಲನ್ನು ಕಾಯುತ್ತಿದೆ. ಇದನ್ನು ಕೈಬಿಡಿ ಎಂದು ನಾನು ಹೇಳಲಾರೆ. ಆದರೆ ಹೊಡೆದ ತಾಮ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಾವು ಯೋಚಿಸಲೇಬೇಕು.

ಮಳೆಗೆ ಎಲ್ಲವೂ ತೊಳೆದುಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಗೊನೆಯಿಂದ ತೊಳೆದುಹೋಗುವುದು ನಿಜ, ತೋಟದಿಂದಲ್ಲ. ಕಾರಣವನ್ನು ಮೈಲುತುತ್ತದ ಹರಳೇ ತಿಳಿಸುತ್ತದೆ. ಬೀವರ್ಸ್ ಮತ್ತು ಲಿಪ್ಸನ್ ಎಂಬ ವಿಜ್ಞಾನಿಗಳು 1934ರಲ್ಲಿ ಕ್ಷ-ಕಿರಣಗಳಿಂದ ಅದರ ಒಳರಚನೆಯನ್ನು ಕಂಡುಹಿಡಿದರು. ಅಲ್ಲಿ ಪ್ರತಿಯೊಂದು ತಾಮ್ರದ ಕಣದ ಸುತ್ತ ನಾಲ್ಕು ನೀರಿನ ಅಣುಗಳು ಚೌಕವಾಗಿ ನಿಂತಿವೆ. ಹರಳನ್ನು ಕಾಯಿಸಿದರೆ ನೀರು ಹೋಗಿ, ನೀಲಿ ಬಣ್ಣ ಅಳಿದು, ಬಿಳಿಯ ಪುಡಿ ಉಳಿಯುತ್ತದೆ. ತಾಮ್ರ ಒಂಟಿಯಾಗಿರುವ ಲೋಹವಲ್ಲ. ಸದಾ ಜೊತೆ ಹುಡುಕುತ್ತದೆ. ಮಣ್ಣಿನಲ್ಲಿ ಕೊಳೆತ ಸೊಪ್ಪು ಗೊಬ್ಬರಗಳ ಆಮ್ಲಗಳು ನೀರಿನ ಜಾಗವನ್ನು ತಾವು ಹಿಡಿದು, ಏಡಿ ಕಚ್ಚಿದಂತೆ ತಾಮ್ರವನ್ನು ಎರಡು ಕಡೆಯಿಂದ ಬಿಗಿಯಾಗಿ ಹಿಡಿಯುತ್ತವೆ. ಸೊಪ್ಪಿನ ಬೆಟ್ಟದಿಂದ ತಂದು ಹಾಕಿದ ಸೊಪ್ಪು ಬೇರಿಗೆ ರಕ್ಷೆಯಾಗುವುದು ಹೀಗೆ. ಆದರೆ ಈ ಹಿಡಿತಕ್ಕೂ ಮಿತಿಯುಂಟು. ಮಿತಿ ಮೀರಿದರೆ, ಅದರಲ್ಲೂ ನಮ್ಮ ಹುಳಿ ಮಣ್ಣಿನಲ್ಲಿ, ತಾಮ್ರವು ಬೇರಿಗೂ ಎರೆಹುಳುವಿಗೂ ಉಪಕಾರಿ ಸೂಕ್ಷ್ಮಜೀವಿಗಳಿಗೂ ವಿಷವಾಗುತ್ತದೆ.

ಲೆಕ್ಕ ಸರಳ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ವರ್ಷಕ್ಕೆ 10 ಕಿಲೋ ಬಳಸುವ ತೋಟಕ್ಕೆ 40 ವರ್ಷಗಳಲ್ಲಿ ಒಂದು ಕ್ವಿಂಟಲ್ ತಾಮ್ರ ಬಿದ್ದಿರುತ್ತದೆ. ಬಹುಪಾಲು ಮೇಲ್ಮಣ್ಣಿನಲ್ಲೇ ಉಳಿದಿರುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ; ಇದಕ್ಕಿಂತ ಗಟ್ಟಿ ಮಾಡಬೇಡಿ. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು. ಆ ದಿನಕ್ಕೆ ಬೇಕಾದಷ್ಟನ್ನೇ ತಯಾರಿಸಿ. ಉಳಿದದ್ದನ್ನು ಮರದ ಬುಡಕ್ಕಾಗಲಿ, ಬಸಿಗಾಲುವೆಗಾಗಲಿ ಸುರಿಯಬೇಡಿ. ಕಾಲುವೆಯ ನೀರು ಹಳ್ಳ ಸೇರುತ್ತದೆ. ತಾಮ್ರ ಮೀನಿಗೂ ವಿಷ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡುವಂತೆ ಕೇಳಿ.

ಖರ್ಚಿನ ಪುಸ್ತಕದಲ್ಲಿ ಮೈಲುತುತ್ತದ ಬೆಲೆಯನ್ನು ತಾವು ಬರೆಯುತ್ತೀರಿ. ಈ ವರ್ಷದಿಂದ ಅದರ ಪಕ್ಕದಲ್ಲಿ ತೂಕವನ್ನೂ ಬರೆದಿಡಿ. ಮುಂದೆ ತೋಟ ನೋಡಿಕೊಳ್ಳುವ ಮಕ್ಕಳಿಗೆ ಆ ಲೆಕ್ಕ ಬೇಕಾಗುತ್ತದೆ.