ಸಿಪ್ರೋ ಪೆಪ್ಪರ್‌ಮೆಂಟ್ ಅಲ್ಲ ಸ್ವಾಮಿ

"ಗಂಟಲು ಕೆರೀತಿದೆ, ಎರಡು ಸಿಪ್ರೋ ನುಂಗಿದ್ರೆ ಸರಿಹೋಗುತ್ತೆ." ಆಫೀಸಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಟೆಸ್ಟ್ ಆಗದ ಒಂದು ಸಾಲು ಕೋಡನ್ನೂ ಪ್ರೊಡಕ್ಷನ್‌ಗೆ ಬಿಡದ ಮಹಾನುಭಾವರು ಇವರೇ!

ಗಂಟಲು ಕೆರೆತ ಬಹುಪಾಲು ವೈರಸ್ಸಿನದು, ಸಿಪ್ರೋ ಅದನ್ನು ಮುಟ್ಟೋದೇ ಇಲ್ಲ. ಪೆಟ್ಟು ಬೀಳೋದು ಕರುಳಲ್ಲಿ ತೆಪ್ಪಗಿದ್ದ ಇ. ಕೊಲೈಗೆ. ಈ ಔಷಧ ಅದರ ಡಿಎನ್‌ಎಯನ್ನೇ ಮುರಿಯುತ್ತೆ. ಸಾಯದೆ ಉಳಿದವು ಎಸ್‌ಒಎಸ್ ಅನ್ನೋ ತುರ್ತು ವ್ಯವಸ್ಥೆ ಶುರು ಮಾಡುತ್ತವೆ. ಮಾಮೂಲಿ ದಿನಗಳಲ್ಲಿ ಲೆಕ್ಸ್‌ಎ ಎಂಬ ಪ್ರೋಟೀನು ಆ ಜೀನುಗಳನ್ನು ಅದುಮಿಟ್ಟಿರುತ್ತೆ. ಡಿಎನ್‌ಎ ಮುರಿದಾಗ ರೆಕ್‌ಎ ನೆರವಿನಿಂದ ಲೆಕ್ಸ್‌ಎ ತುಂಡಾಗುತ್ತೆ. ಆಗ ರಿಪೇರಿಗೆ ಇಳಿಯುವವರಲ್ಲಿ ತಪ್ಪುತಪ್ಪಾಗಿ ನಕಲು ಮಾಡುವ ಪಾಲಿಮರೇಸ್‌ಗಳೂ ಇರುತ್ತವೆ. ಸುಮಾರು 46 ಲಕ್ಷ ಅಕ್ಷರಗಳ ಜೀನೋಮಿನಲ್ಲಿ, ಜೈರೇಸ್ ಜೀನಿನ ಸರಿಯಾದ ಜಾಗದ ಒಂದಕ್ಷರ ಬದಲಾದರೂ ಸಿಪ್ರೋ ಹಿಡಿತ ಸಡಿಲ.

"ಅದು ಹೇಗಿದ್ರೂ ಬದಲಾಗುತ್ತೆ ಬಿಡಿ" ಅಂತೀರಾ? 2005ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದರಲ್ಲಿ, ಲೆಕ್ಸ್‌ಎ ತುಂಡಾಗದಂತೆ ಮಾಡಿದ ಇ. ಕೊಲೈಗೆ ಸಿಪ್ರೋ ವಿರುದ್ಧ ನಿರೋಧ ಬೆಳೆಸಿಕೊಳ್ಳಲು ಆಗಲಿಲ್ಲ. ಅಂದ್ರೆ ಇದು ಬರೀ ಹಣೆಬರಹವಲ್ಲ, ಔಷಧವೇ ಒತ್ತುವ ಸ್ವಿಚ್ಚು. ಒತ್ತೋ ಬೆರಳು ನಿಮ್ಮದು, ಚೀಟಿ ಕೇಳದೆ ಸ್ಟ್ರಿಪ್ ಕತ್ತರಿಸಿ ಕೊಡೋ ಮೆಡಿಕಲ್ ಶಾಪಿನವನದು. ನಾಳೆ ಅದೇ ಇ. ಕೊಲೈ ನಿಮ್ಮಮ್ಮನಿಗೆ ಮೂತ್ರದ ಸೋಂಕಾಗಿ ಬಂದರೆ, ಡಾಕ್ಟರ ಕೈಯಲ್ಲಿ ಒಂದು ಔಷಧ ಕಮ್ಮಿ ಇರುತ್ತೆ.