ಚಿಪ್ಪರ್ ಕೊಳ್ಳುವ ಮೊದಲು ತೋಟ ನೋಡಿ

ತೆಂಗಿನ ಮರವೊಂದು ವರ್ಷಕ್ಕೆ ಹೆಚ್ಚೂಕಡಿಮೆ 12 ಸೋಗೆ ಉದುರಿಸುತ್ತದೆ. ಎಕರೆಗೆ 70 ಮರ ಎಂದಿಟ್ಟುಕೊಂಡರೂ 840 ಸೋಗೆ! ಶ್ರೀರಂಗಪಟ್ಟಣ ತಾಲ್ಲೂಕಿನ ಬಾಬುರಾಯನಕೊಪ್ಪಲಿನಂಥ ಊರುಗಳಲ್ಲಿ ಇದರ ಜೊತೆಗೆ ಕಬ್ಬಿನ ತರಗು, ಬದುವಿನ ಹೊಂಗೆ, ಬೇವು, ಗ್ಲಿರಿಸಿಡಿಯಾ ಮರಗಳ ಕೊಂಬೆಗಳೂ ಸೇರುತ್ತವೆ. ಹಿಂದೆ ಒಲೆ, ಚಪ್ಪರ, ಬೇಲಿಗಳಿಗೆ ಇವೆಲ್ಲ ಸಲ್ಲುತ್ತಿದ್ದವು. ಈಗ ಮನೆಗೆ ಗ್ಯಾಸ್ ಬಂದಿದೆ, ಹೊರೆ ಕಟ್ಟಲು ಆಳು ಸಿಗುವುದಿಲ್ಲ. ಹಾಗಾಗಿ ತೋಟದ ಮೂಲೆಯಲ್ಲಿ ಬೆಂಕಿ ಬೀಳುತ್ತದೆ. ಗೊಬ್ಬರವಾಗಬೇಕಾದದ್ದು ಹೊಗೆಯಾಗುತ್ತದೆ.

ಇದಕ್ಕೆ ಪರಿಹಾರವಾಗಿ ಕೊಂಬೆ, ಸೋಗೆಗಳನ್ನು ಚೂರು ಮಾಡುವ ಸಣ್ಣ ಯಂತ್ರಗಳು ಬಂದಿವೆ. ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ಎಚ್.ಪಿ.?’ ಎಂದು. ಅದಕ್ಕಿಂತ ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು, ‘ನನ್ನ ತೋಟದಲ್ಲಿ ಏನು ಉದುರುತ್ತದೆ? ಚೂರು ಮಾಡಿ ಏನು ಮಾಡುತ್ತೇನೆ?’

ಚಿಪ್ಪರ್ ಮತ್ತು ಶ್ರೆಡ್ಡರ್ ಎರಡೂ ಒಂದೇ ಅಲ್ಲ. ಚಿಪ್ಪರಿನ ತಿರುಗುವ ಚಕ್ರದಲ್ಲಿ ಹರಿತವಾದ ಅಲಗುಗಳಿರುತ್ತವೆ. ಕೊಂಬೆಯನ್ನು ಅದು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತದೆ. ಶ್ರೆಡ್ಡರಿನ ಸುತ್ತಿಗೆಗಳು ಎಲೆ, ತರಗುಗಳನ್ನು ಬಡಿದು ಪುಡಿ ಮಾಡುತ್ತವೆ. ಸೋಗೆಯ ಬುಡದ ಮಟ್ಟೆ ಗಟ್ಟಿ, ಗರಿ ನಾರು. ಅಲಗು ಮೊಂಡಾದರೆ ನಾರು ದಂಡಕ್ಕೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ. ಆದ್ದರಿಂದ ತೆಂಗಿನ ತೋಟದವರಿಗೆ ಅಲಗು, ಸುತ್ತಿಗೆ ಎರಡೂ ಇರುವ ಯಂತ್ರ ಅನುಕೂಲ. ಮೇವು ಕತ್ತರಿಸುವ ಯಂತ್ರಕ್ಕೆ ಮಟ್ಟೆ ಕೊಟ್ಟು ಕೆಡಿಸಿಕೊಳ್ಳಬೇಡಿ.

‘ನಾಲ್ಕು ಅಂಗುಲದ ಕೊಂಬೆ ಕತ್ತರಿಸುತ್ತದೆ’ ಎಂದು ಬರೆದಿದ್ದರೆ ಅದು ನೆಟ್ಟಗಿರುವ, ಹಸಿ, ಮೆದು ಮರದ ಲೆಕ್ಕ. ಒಣಗಿದ ಜಾಲಿ, ಹುಣಸೆಗೆ ಅದು ಹೊಂದುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಅದರಲ್ಲಿ ಅರ್ಧ ಎಂದುಕೊಳ್ಳುವುದು ಕ್ಷೇಮ. ಮಣಿಕಟ್ಟಿಗಿಂತ ದಪ್ಪದ್ದು ಸೌದೆಯಾಗಲಿ. ಕಡಿದ ಕೊಂಬೆಯನ್ನು ಹಸಿಯಿದ್ದಾಗಲೇ ಕೊಟ್ಟರೆ ಅಲಗು ಹೆಚ್ಚು ಕಾಲ ಬಾಳುತ್ತದೆ. ಮಣ್ಣು ಮೆತ್ತಿದ ಕೊಂಬೆ, ಬೇಲಿಯ ತಂತಿ, ಮೊಳೆ ಇವು ಅಲಗಿನ ವೈರಿಗಳು.

ಶಕ್ತಿಯ ಮೂಲವೂ ಮುಖ್ಯ. ಮನೆಯ ಸಿಂಗಲ್ ಫೇಸ್ ಸಂಪರ್ಕಕ್ಕೆ ಎರಡು-ಮೂರು ಎಚ್.ಪಿ. ಮೀರಿದ ಮೋಟಾರು ಹೊರೆಯಾಗುತ್ತದೆ. ತ್ರೀ ಫೇಸ್ ಕರೆಂಟು ಪಂಪ್‌ಸೆಟ್ ಲೈನಿನಲ್ಲಿ ಕೆಲವೇ ಗಂಟೆ, ಅದೂ ನೀರು ಹಾಯಿಸುವ ಹೊತ್ತಿನಲ್ಲೇ ಬರುತ್ತದೆ. ಟ್ರ್ಯಾಕ್ಟರ್ ಇದ್ದವರು ಅದರ ಪಿ.ಟಿ.ಓ.ಗೆ ಜೋಡಿಸುವ ಯಂತ್ರ ನೋಡಬಹುದು. ಬಹುತೇಕ ಯಂತ್ರಗಳಿಗೆ ನಿಮಿಷಕ್ಕೆ 540 ಸುತ್ತು ಬೇಕು. ಯಂತ್ರವೇ ಕೊಂಬೆಯ ಬಳಿಗೆ ಹೋಗುತ್ತದೆ ಎಂಬುದು ಇದರ ದೊಡ್ಡ ಲಾಭ.

ಇನ್ನು ಕೈಯ ಮಾತು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಬೆ ಹಾಕುವ ಬಾಯಿಯಿಂದ ಅಲಗಿನವರೆಗಿನ ದೂರ ನಿಮ್ಮ ತೋಳಿಗಿಂತ ಉದ್ದವಿರಲಿ. ಥಟ್ಟನೆ ನಿಲ್ಲಿಸುವ ಸನ್ನೆ ಕೈಗೆಟುಕುವಂತಿರಲಿ. ತಿರುಗುವ ದಂಡ, ಬೆಲ್ಟುಗಳಿಗೆ ಮುಚ್ಚಳವಿಲ್ಲದ ಯಂತ್ರ ಅಗ್ಗವಾದರೂ ಬೇಡ. ಪಂಚೆಯ ಅಂಚು, ಹೆಗಲ ಟವೆಲು, ಸೀರೆಯ ಸೆರಗು, ಸಡಿಲವಾದ ಕೈಗವಸು ಯಾವುದೂ ಹತ್ತಿರ ಸುಳಿಯಕೂಡದು. ಸಿಕ್ಕಿಕೊಂಡದ್ದನ್ನು ಕೋಲಿನಿಂದಲೇ ತಳ್ಳಿ. ಸ್ವಿಚ್ ಆರಿಸಿದ ಮೇಲೂ ಭಾರದ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಅದು ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆಗೆಯಬೇಡಿ.

ಚೂರನ್ನು ಏನು ಮಾಡುವುದು? ಮರದ ಬುಡದಿಂದ ಗೇಣು ದೂರ ಬಿಟ್ಟು ಮೂರು-ನಾಲ್ಕು ಅಂಗುಲ ಹರಡಿ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ಹಸಿ ಮರದ ಚೂರನ್ನು ಮಣ್ಣಿನೊಳಕ್ಕೆ ಉತ್ತುಬಿಟ್ಟರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯ ಪಾಲಿನ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ರಾಶಿ ಹಾಕಿ ಮರೆತುಬಿಟ್ಟರೂ ಕಷ್ಟ. ಕೊಳೆಯುವ ರಾಶಿಯಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಯೂಡ್ರಿಲಸ್ ಜಾತಿಯ ಎರೆಹುಳು ಬಳಸಿ ಸೋಗೆಯಿಂದ ಎರೆಗೊಬ್ಬರ ಮಾಡುವ ಕ್ರಮ ರೂಪಿಸಿದೆ. ಹತ್ತು ಪಾಲು ಸೋಗೆಗೆ ಒಂದು ಪಾಲು ಸಗಣಿ ಸಾಕು.

ಕೊನೆಗೆ ಕಾಸಿನ ಲೆಕ್ಕ. ಎರಡೆಕರೆಯವರಿಗೆ ವರ್ಷದಲ್ಲಿ ಕೆಲವೇ ದಿನ ಕೆಲಸ ಕೊಡುವ ಯಂತ್ರವನ್ನು ಸಾಲ ಮಾಡಿ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸುವುದು ಜಾಣತನವಲ್ಲ. ರಾಜ್ಯದಲ್ಲಿ 2014–15ರಿಂದ ಬಂದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುವುದೇ ವಿಚಾರಿಸಿ. ಇಲ್ಲವೇ ನಾಲ್ಕೈದು ಮನೆಯವರು ಸೇರಿ ಕೊಳ್ಳಿ. ಸಹಾಯಧನವುಂಟೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವುದು ಕೊಂಡ ಮೇಲಲ್ಲ, ಕೊಳ್ಳುವ ಮೊದಲು.

ಅಂಗಡಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ತೋಟದ್ದೇ ಹತ್ತು ಸೋಗೆ, ಒಂದು ಹೊರೆ ಹೊಂಗೆ ಕೊಂಬೆ ಕೊಂಡೊಯ್ಯಿರಿ. ಅರ್ಧ ಗಂಟೆ ಯಂತ್ರ ಓಡಿಸಿ ತೋರಿಸಲು ಹೇಳಿ. ಅಲಗು ಬಿಚ್ಚಿ ಸಾಣೆ ಹಿಡಿಸುವುದು, ಬೇರಿಂಗ್ ಬದಲಿಸುವುದು ಮಂಡ್ಯದಲ್ಲೋ ಮೈಸೂರಲ್ಲೋ ಆಗುತ್ತದೆಯೇ ಎಂದು ಕೇಳಿ. ಒಂದು ಜೊತೆ ಅಲಗನ್ನು ಹೆಚ್ಚುವರಿಯಾಗಿ ಅಲ್ಲೇ ಕೊಂಡು ತನ್ನಿ.