ವಂತಿಗೆಯ ಹಣ, ಕೂಟದ ಬಲ

ಕಳೆದ ಮಳೆಗಾಲದ ಒಂದು ಶನಿವಾರ ಮಧ್ಯಾಹ್ನ, ತಾಲ್ಲೂಕಿನ ಕೆರೆಗಳ ವಿಚಾರದಲ್ಲಿ ಆಸ್ಥೆಯುಳ್ಳ ಏಳು ಸಣ್ಣ ಸಂಸ್ಥೆಗಳವರು ನಮ್ಮ ಕಾಲೇಜಿನ ಒಂದು ಕೊಠಡಿಯಲ್ಲಿ ಸೇರಿದ್ದರು. ಕನ್ನಡ ಪಾಠ ಹೇಳುವವನಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಸಭೆಯ ನಡವಳಿಯನ್ನು ನೇರವಾದ ಕನ್ನಡದಲ್ಲಿ ಬರೆದಿಡುವವನೊಬ್ಬ ಅವರಿಗೆ ಬೇಕಾಗಿದ್ದ. ಅಷ್ಟೇ ನನ್ನ ಅರ್ಹತೆ. ಬಂದವರಲ್ಲಿ ಒಂದು ಸಂಸ್ಥೆ ಹೂಳು ತೆಗೆಸುತ್ತಿತ್ತು, ಇನ್ನೊಂದು ಒತ್ತುವರಿಯ ಮೇಲೆ ಅರ್ಜಿ ಬರೆಯುತ್ತಿತ್ತು, ಮತ್ತೊಂದು ಶಾಲೆಯ ಮಕ್ಕಳಿಗೆ ನೀರಿನ ಪಾಠ ಹೇಳುತ್ತಿತ್ತು. ಒಂದು ಕೆರೆಯ ಕೋಡಿಯ ನೀರು ಇನ್ನೊಂದು ಕೆರೆಗೆ ಇಳಿಯುವ ನಮ್ಮ ಸೀಮೆಯಲ್ಲಿ ಒಬ್ಬೊಬ್ಬರು ಒಂದೊಂದು ಕೆರೆಯನ್ನು ಕಾದು ಕುಳಿತರೆ ಪ್ರಯೋಜನವಿಲ್ಲವೆಂಬುದನ್ನು ಎಲ್ಲರೂ ಒಪ್ಪಿದರು. ಎರಡು ಗಂಟೆಯ ಕಾಲ ಸೊಗಸಾಗಿ ಸಾಗಿದ ಚರ್ಚೆ ಕಡೆಗೆ ಒಂದು ಸಣ್ಣ ಪ್ರಶ್ನೆಯ ಬಳಿ ಬಂದು ನಿಂತಿತು. ತಿಂಗಳಿಗೊಮ್ಮೆ ಇವರೆಲ್ಲರನ್ನೂ ಕರೆಯುವವರು ಯಾರು? ದೂರದಿಂದ ಬರುವವರ ಬಸ್ಸಿನ ಚಾರ್ಜನ್ನು ಕೊಡುವವರು ಯಾರು?

ಹಣವಿರಲಿಲ್ಲವೆಂದಲ್ಲ. ಏಳರಲ್ಲಿ ಮೂರು ಸಂಸ್ಥೆಗಳಿಗೆ ಅನುದಾನವಿತ್ತು. ಆದರೆ ಒಬ್ಬರ ಹಣ ಹೂಳಿಗೆ ಮೀಸಲು, ಇನ್ನೊಬ್ಬರದು ಮಕ್ಕಳ ಪುಸ್ತಕಕ್ಕೆ ಮೀಸಲು. ಬೇರೆಯವರೊಡನೆ ಕುಳಿತು ಮಾತನಾಡುವುದಕ್ಕೆಂದು ಯಾರ ಲೆಕ್ಕದ ಪುಸ್ತಕದಲ್ಲಿಯೂ ಒಂದು ಬಾಬು ಇರಲಿಲ್ಲ. ಎರಡನೆಯ ಸಭೆ ನಡೆಯಿತು. ಮೂರನೆಯದಕ್ಕೆ ನನ್ನನ್ನೂ ಸೇರಿಸಿ ನಾಲ್ವರು ಬಂದರು. ನಾಲ್ಕನೆಯದು ನಡೆಯಲಿಲ್ಲ. ನಡವಳಿಯ ಪುಸ್ತಕ ನನ್ನ ಬೀರುವಿನಲ್ಲಿ ಉಳಿಯಿತು.

ಈ ಪ್ರಸಂಗ ಸಣ್ಣದು. ಆದರೆ ನಮ್ಮ ದೇಶದ ಸಾರ್ವಜನಿಕ ಜೀವನದಲ್ಲಿ ಈಗ ನಡೆಯುತ್ತಿರುವ ಒಂದು ದೊಡ್ಡ ಸಂಗತಿಯ ಪಡಿನೆಳಲು ಅದರಲ್ಲಿದೆಯೆಂದು ನನಗೆ ತೋರಿದ್ದರಿಂದ ಇಲ್ಲಿ ಹೇಳಿದೆ. ಸರ್ಕಾರವೂ ಅಲ್ಲದ, ವ್ಯಾಪಾರವೂ ಅಲ್ಲದ, ಜನರು ತಾವಾಗಿ ಕಟ್ಟಿಕೊಂಡ ಸಂಘಸಂಸ್ಥೆಗಳ ಲೋಕವನ್ನು ನಾವು ನಾಗರಿಕ ಸಮಾಜವೆನ್ನುತ್ತೇವೆ. ಈ ಸಂಸ್ಥೆಗಳು ಒಂದಕ್ಕೊಂದು ಕೈಜೋಡಿಸುವುದಕ್ಕೆ ಇತ್ತೀಚಿನವರು ಬಳಸುವ ಮಾತು ‘ಜಾಲ’. ಆ ಮಾತು ನನಗೆ ರುಚಿಸದು. ಕನ್ನಡದಲ್ಲಿ ಜಾಲವೆಂದೊಡನೆ ಕಳ್ಳರ ಜಾಲ, ಮೋಸದ ಜಾಲ ನೆನಪಿಗೆ ಬರುತ್ತವೆ. ಜಾಲದಲ್ಲಿ ಸಿಕ್ಕಿಬೀಳುವವರುಂಟು, ಸೇರಿಕೊಳ್ಳುವವರಿಲ್ಲ. ‘ಕೂಟ’ವೆಂಬ ಹಳೆಯ ಮಾತೇ ಸಾಕು. ಈ ಕೂಟಗಳು ಹೇಗೆ ಕಟ್ಟಲ್ಪಡುತ್ತವೆ, ಅವಕ್ಕೆ ಅನ್ನವಿಕ್ಕುವವರು ಯಾರು ಎಂಬುದು ಇಂದಿನ ಪ್ರಶ್ನೆ.

ಕಟ್ಟುವ ಬಗೆಗೆ ನಮ್ಮ ನಾಡಿನದೇ ಒಂದು ನಿದರ್ಶನವುಂಟು. 1984ರಲ್ಲಿ ಕರ್ನಾಟಕ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿದವು. ನೀಲಗಿರಿ ಬೆಳೆಸುವುದಕ್ಕಾಗಿ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಅದಕ್ಕೆ ಗುತ್ತಿಗೆ ಕೊಡುವ ಏರ್ಪಾಡಾಯಿತು. ಆ ಭೂಮಿ ಕಾಗದದ ಮೇಲೆ ಪಾಳು. ಊರವರ ಪಾಲಿಗೆ ದನಕರುಗಳ ಹುಲ್ಲು, ಒಲೆಯ ಸೌದೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಆದರೆ ಅದು ಒಂಟಿಯಾಗಿ ಹೋಗಲಿಲ್ಲ. ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದ ಅರ್ಜಿಯಲ್ಲಿ ನಮ್ಮ ಶಿವರಾಮ ಕಾರಂತರ ಹೆಸರಿತ್ತು. 1987ರ ನವೆಂಬರ್ 14ರಂದು, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ಹಳ್ಳಿಗರು ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೊ-ಹಚ್ಚಿಕೊ ಎಂದೇ ಆ ಸತ್ಯಾಗ್ರಹದ ಹೆಸರು. ಉತ್ತರ ಕರ್ನಾಟಕದ ಬಾಯಿಮಾತಿನ ಕಸುವೆಲ್ಲ ಆ ಎರಡು ಕ್ರಿಯಾಪದಗಳಲ್ಲಿದೆ. 1991ರಲ್ಲಿ ಆ ಕಂಪನಿ ಮುಚ್ಚಿತು.

ಇಲ್ಲಿ ಗಮನಿಸಬೇಕಾದುದು, ಕೂಡಿದವರೆಲ್ಲ ಒಂದೇ ಕೆಲಸ ಮಾಡಲಿಲ್ಲವೆಂಬುದು. ಹಳ್ಳಿಯವನು ಕಾನೂನನ್ನು ಓದಲು ಹೋಗಲಿಲ್ಲ, ವಕೀಲನು ಗಿಡ ನೆಡಲು ಬರಬೇಕಾಗಿರಲಿಲ್ಲ. ಒಬ್ಬ ಮುಪ್ಪಿನ ಸಾಹಿತಿ ತನ್ನ ಹೆಸರನ್ನು ಕೊಟ್ಟನು. ಒಂದು ಆಯುಷ್ಯದ ದುಡಿಮೆಯಿಂದ ಬಂದ ಹೆಸರು ಬಲು ದೊಡ್ಡ ಕೊಡುಗೆ. ಪ್ರತಿಯೊಬ್ಬರೂ ತಮ್ಮಲ್ಲಿದ್ದುದನ್ನು ತಂದರು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ವಂತಿಗೆಯೆಂಬ ಮಾತಿದೆ. ಪಾಲು, ಸರದಿ ಎಂಬ ಎರಡು ಅರ್ಥಗಳೂ ಆ ಮಾತಿನ ಬೆನ್ನಿಗಿವೆ. ದಾನ ಕೊಡುವವನು ಮೇಲಿರುತ್ತಾನೆ, ಪಡೆಯುವವನು ಕೆಳಗಿರುತ್ತಾನೆ. ವಂತಿಗೆ ಕೊಟ್ಟವರೆಲ್ಲ ಒಂದೇ ಜಮಖಾನದ ಮೇಲೆ ಕುಳಿತುಕೊಳ್ಳುತ್ತಾರೆ, ಲೆಕ್ಕ ಕೇಳುತ್ತಾರೆ.

ಲೆಕ್ಕ ಕೇಳುವುದೆಂದೊಡನೆ ರಾಜಸ್ಥಾನದ ಕಥೆ ಬರಲೇಬೇಕು. ಐ.ಎ.ಎಸ್. ಹುದ್ದೆಯನ್ನು 1975ರಲ್ಲಿಯೇ ಬಿಟ್ಟಿದ್ದ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು 1987ರಲ್ಲಿ ದೇವ್‌ಡುಂಗ್ರಿ ಎಂಬ ಸಣ್ಣ ಹಳ್ಳಿಯಲ್ಲಿ ಮಣ್ಣಿನ ಮನೆಯೊಂದರಲ್ಲಿ ನೆಲೆಸಿದರು. 1990ರ ಮೇ ದಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹುಟ್ಟಿತು. ಬರಗಾಲದ ಕಾಮಗಾರಿಯಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಕ್ಕುತ್ತಿರಲಿಲ್ಲ. ಏಕೆಂದು ಕೇಳಿದರೆ, ನೀವು ಮಾಡಿದ ಕೆಲಸ ಹಾಜರಿ ಪುಸ್ತಕದಲ್ಲಿ ಅಷ್ಟೇ ಇದೆ ಎಂಬ ಉತ್ತರ. ಹಾಗಾದರೆ ಪುಸ್ತಕ ತೋರಿಸಿ ಎಂದರೆ, ಅದು ಸರ್ಕಾರದ ಗುಟ್ಟಿನ ದಾಖಲೆ! ಈ ಒಂದು ‘ತೋರಿಸಿ’ ಎಂಬ ಮಾತಿನಿಂದ ದೇಶದ ಒಂದು ದೊಡ್ಡ ಕಾಯಿದೆ ಮೊಳೆಯಿತು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾದಲ್ಲಿ ಮೊದಲ ಜನಸುನವಾಯಿ, ಎಂದರೆ ಬಹಿರಂಗ ವಿಚಾರಣೆ, ನಡೆಯಿತು. ಊರ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದುವುದು, ಕೇಳಿದ ಊರು ಹೌದೆನ್ನುವುದು ಅಥವಾ ಅಲ್ಲವೆನ್ನುವುದು. ಇಷ್ಟೇ ಅದರ ವಿಧಾನ.

1996ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದಲ್ಲಿ ಈ ಸಂಘಟನೆಯವರು 40 ದಿನ ಧರಣಿ ಕುಳಿತರು. ಹಳ್ಳಿಗಳಿಂದ ಧಾನ್ಯ ಬಂತು. ಜನ ಸರದಿಯ ಮೇಲೆ ಬಂದು ಕೆಲವು ದಿನ ಕುಳಿತು ಹಿಂದಿರುಗಿದರು. ಅವರ ಜಾಗಕ್ಕೆ ಬೇರೆಯವರು ಬಂದರು. ವ್ಯಾಪಾರದ ಆ ಪಟ್ಟಣ ಮೊದಲು ದೂರದಿಂದ ನೋಡಿತು. ಅನಂತರ ಅಂಗಡಿಯವರೂ ಹಣವನ್ನೋ ಪದಾರ್ಥವನ್ನೋ ಕೊಡತೊಡಗಿದರು. ಮರುವರ್ಷ ಜಯಪುರದಲ್ಲಿ 53 ದಿನದ ಇನ್ನೊಂದು ಧರಣಿ. ಈ ಸಂಘಟನೆ ವಿದೇಶದ ಹಣವನ್ನಾಗಲಿ ಸಂಸ್ಥೆಗಳ ಅನುದಾನವನ್ನಾಗಲಿ ತೆಗೆದುಕೊಳ್ಳದೆ ಬಂದಿದೆ. ವ್ಯಕ್ತಿಗಳ ದೇಣಿಗೆಯೇ ಆಧಾರ. ಪೂರ್ಣಕಾಲದ ಕಾರ್ಯಕರ್ತರು ಪಡೆಯುವುದು ಕನಿಷ್ಠ ಕೂಲಿಗೆ ಸಮನಾದ ಸಂಭಾವನೆ. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬ ಅವರ ಘೋಷಣೆ ಸರ್ಕಾರದ ಕಡೆಗೆ ಮಾತ್ರ ತಿರುಗಿದ್ದಲ್ಲ. ಪರರ ಲೆಕ್ಕ ಕೇಳುವವನ ಲೆಕ್ಕ ಮೊದಲು ಚೊಕ್ಕವಾಗಿರಬೇಕು.

ಆದರೆ ಧಾನ್ಯದ ವಂತಿಗೆಯಿಂದಲೇ ಕಾಯಿದೆ ಬಂತೆಂದು ಹೇಳಿದರೆ ಅರ್ಧಸತ್ಯವಾದೀತು. 1995ರಲ್ಲಿ ಮಸ್ಸೂರಿಯಲ್ಲಿರುವ ಅಧಿಕಾರಿಗಳ ತರಬೇತಿಯ ರಾಷ್ಟ್ರೀಯ ಅಕಾಡೆಮಿಯಲ್ಲಿಯೇ ಈ ವಿಷಯದ ಮೇಲೆ ಒಂದು ಸಭೆ ನಡೆಯಿತು. 1996ರಲ್ಲಿ ಪತ್ರಕರ್ತರು, ವಕೀಲರು, ನಿವೃತ್ತ ಅಧಿಕಾರಿಗಳು, ಕಾರ್ಯಕರ್ತರು ಕೂಡಿ ಜನರ ಮಾಹಿತಿ ಹಕ್ಕಿಗಾಗಿ ರಾಷ್ಟ್ರೀಯ ಆಂದೋಲನವೊಂದನ್ನು ಕಟ್ಟಿದರು. ನ್ಯಾಯಮೂರ್ತಿ ಪಿ. ಬಿ. ಸಾವಂತರು ಅಧ್ಯಕ್ಷರಾಗಿದ್ದ ಪ್ರೆಸ್ ಕೌನ್ಸಿಲ್ ಮಸೂದೆಯ ಕರಡನ್ನು ಸಿದ್ಧಪಡಿಸಿತು. ಒಬ್ಬರು ಸಭಾಂಗಣವನ್ನು, ಒಬ್ಬರು ಪತ್ರಿಕೆಯ ಅಂಕಣವನ್ನು, ಒಬ್ಬರು ಕಾನೂನಿನ ಭಾಷೆಯನ್ನು ವಂತಿಗೆಯಾಗಿ ಕೊಟ್ಟರು. ತಮಿಳುನಾಡು, ಗೋವಾಗಳು 1997ರಲ್ಲಿ, ನಮ್ಮ ಕರ್ನಾಟಕ 2000ದಲ್ಲಿ ತಂತಮ್ಮ ಮಾಹಿತಿ ಹಕ್ಕಿನ ಕಾಯಿದೆಗಳನ್ನು ಮಾಡಿಕೊಂಡವು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಕಾಯಿದೆ ಪೂರ್ಣವಾಗಿ ಜಾರಿಗೆ ಬಂದಿತು. ಗೆದ್ದಾಯಿತೆಂದು ಆ ಕೂಟ ಮನೆಗೆ ಹೋಗುವಂತಿರಲಿಲ್ಲ. 2019ರ ತಿದ್ದುಪಡಿ ಮಾಹಿತಿ ಆಯುಕ್ತರ ಅವಧಿಯನ್ನೂ ಸಂಬಳವನ್ನೂ ನಿರ್ಧರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ವೈಯಕ್ತಿಕ ಮಾಹಿತಿಯ ಹೆಸರಿನಲ್ಲಿ ಮರೆಮಾಡಬಹುದಾದುದರ ವ್ಯಾಪ್ತಿಯನ್ನು ಹಿಗ್ಗಿಸಿತು. ಎರಡು ಸಲವೂ ಮೊದಲು ಕೂಗಿದ್ದು ಇದೇ ಹಳೆಯ ಕೂಟ. ಕಾಯಿದೆಗೆ ಕಾವಲು ಬೇಕು. ಕಾವಲಿಗೆ ನಿತ್ಯದ ಖರ್ಚುಂಟು.

ಆ ಖರ್ಚಿನ ದಾರಿಯೇ ಈಗ ಕಿರಿದಾಗುತ್ತಿರುವುದು. ವಿದೇಶೀ ವಂತಿಗೆ ನಿಯಂತ್ರಣದ 2010ರ ಕಾಯಿದೆಗೆ 2020ರ ಸೆಪ್ಟೆಂಬರಿನಲ್ಲಿ ತಂದ ತಿದ್ದುಪಡಿಯನ್ನು ನೋಡಿ. (ಸರ್ಕಾರದವರೂ ಇದನ್ನು ‘ವಂತಿಗೆ’ ಎಂದೇ ಕರೆಯುವುದು ನನಗೆ ವಿನೋದವಾಗಿ ಕಂಡಿದೆ.) ಅದಕ್ಕೆ ಮೊದಲು, ವಿದೇಶದ ಹಣ ಪಡೆದ ಸಂಸ್ಥೆಯೊಂದು ನೋಂದಣಿಯಾದ ಇನ್ನೊಂದು ಸಂಸ್ಥೆಗೆ ಅದರಲ್ಲಿ ಪಾಲು ಕೊಡಬಹುದಾಗಿತ್ತು. ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲ ಪಟ್ಟಣದ ಸಂಸ್ಥೆ ಹಣ ತರುತ್ತಿತ್ತು. ಹಳ್ಳಿಯ ಭಾಷೆ ಬಲ್ಲ ಸಣ್ಣ ಸಂಸ್ಥೆ ಕೆಲಸ ಮಾಡುತ್ತಿತ್ತು. ತಿದ್ದುಪಡಿ ಈ ಹಂಚಿಕೆಯನ್ನು ಸಂಪೂರ್ಣವಾಗಿ ನಿಷೇಧಿಸಿತು. ಆಡಳಿತದ ಖರ್ಚಿನ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ಯಾವ ಊರಿನ ಸಂಸ್ಥೆಯೇ ಆಗಲಿ, ವಿದೇಶದ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಗೇ ಬರಬೇಕೆಂದಿತು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು; ವಿದೇಶದ ಹಣ ಪಡೆಯುವುದು ಯಾರೊಬ್ಬರ ಪರಮಹಕ್ಕಲ್ಲವೆಂದಿತು. ಸರ್ಕಾರದ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಕೈಯಿಂದ ಕೈಗೆ ದಾಟುವ ಹಣ ಎಲ್ಲಿ ಸೋರಿತೆಂದು ತಿಳಿಯುವುದು ಕಷ್ಟ. ಹೆಸರಿಗೆ ಮಾತ್ರ ಸೇವೆಯೆಂಬ ಸಂಸ್ಥೆಗಳನ್ನು ನಾವೂ ಕಂಡಿದ್ದೇವೆ. ಆದರೆ ಸೋರುವ ಕೊಡವನ್ನು ಬೆಸೆಯುವುದು ಬೇರೆ, ಕೊಡದಿಂದ ಕೊಡಕ್ಕೆ ನೀರು ಸುರಿಯಲೇಬಾರದೆನ್ನುವುದು ಬೇರೆ. ಕೂಡಿ ಕೆಲಸ ಮಾಡುವುದಕ್ಕೆ ಬೇಕಾದ ಓಡಾಟ, ಸಭೆ, ಕಾಗದಪತ್ರಗಳ ಖರ್ಚು ಬಹುಮಟ್ಟಿಗೆ ‘ಆಡಳಿತ’ವೆಂಬ ಬಾಬಿಗೇ ಬೀಳುತ್ತದೆ. ಕತ್ತರಿ ಬಿದ್ದಿರುವುದು ಸರಿಯಾಗಿ ಅಲ್ಲಿ.

ಹಾಗಾದರೆ ಸ್ವದೇಶದ ಹಣ? 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲಿನಿಂದ ಜಾರಿಯಲ್ಲಿದೆ. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೆ 1,000 ಕೋಟಿಯ ವಹಿವಾಟು, ಇಲ್ಲವೆ 500 ಕೋಟಿಯ ಆಸ್ತಿಮೌಲ್ಯವಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚಮಾಡಬೇಕು. ಒಳ್ಳೆಯ ಕಾಯಿದೆಯೇ. ಆದರೆ ತನ್ನ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಅದೇ ಕಲಮು ಹೇಳುತ್ತದೆ. ಕಾರ್ಖಾನೆಯಿಲ್ಲದ ತಾಲ್ಲೂಕಿನವರು ಯಾರ ಸುತ್ತಲಿನವರು? ಅಲ್ಲದೆ ಶಾಲೆಯ ಕೊಠಡಿಗೆ ಫಲಕ ಹಾಕಬಹುದು, ಕುಡಿಯುವ ನೀರಿನ ಘಟಕದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಏಳು ಸಂಸ್ಥೆಗಳು ತಮ್ಮ ಮುನಿಸನ್ನು ಮರೆತು ಒಂದು ಮಾತಿಗೆ ಬಂದುದಕ್ಕೆ ಎಲ್ಲಿ ಫಲಕ ಹಾಕುವುದು?

ಇದರ ಇನ್ನೊಂದು ಕೆಡುಕು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅನುದಾನದ ಹಣ ಮೇಲಿನಿಂದ ಬರುವಾಗ ಸಂಸ್ಥೆಗಳು ಒಂದರ ಕಡೆಗೊಂದು ನೋಡುವುದನ್ನು ಬಿಟ್ಟು ಮೇಲಕ್ಕೆ ನೋಡತೊಡಗುತ್ತವೆ. ನೆರೆಯ ಸಂಸ್ಥೆ ಜೊತೆಗಾರನಾಗದೆ ಅದೇ ಅನುದಾನಕ್ಕೆ ಅರ್ಜಿ ಹಾಕಿದ ಎದುರಾಳಿಯಾಗುತ್ತದೆ. ನಮ್ಮ ಸಭೆಯಲ್ಲಿಯೂ ಇದು ನಡೆಯಿತು. ಕೆರೆಗಳ ಅಳತೆಯ ನಕ್ಷೆಯೊಂದನ್ನು ಸಿದ್ಧಪಡಿಸಿದ್ದ ಒಬ್ಬರು ಅದನ್ನು ಮಿಕ್ಕವರಿಗೆ ತೋರಿಸಲು ಹಿಂಜರಿದರು. ಹಣ ಕೊಟ್ಟವರ ಅನುಮತಿ ಬೇಕೆಂದರು. ಕೆಟ್ಟವರಲ್ಲ ಅವರು, ಕಟ್ಟಿಗೆ ಬಿದ್ದವರು.

ಇಷ್ಟು ಹೇಳಿದ ಮೇಲೆ ವಂತಿಗೆಯನ್ನೇ ಹಾಡಿ ಹೊಗಳಿ ಮುಗಿಸುವುದು ಸುಲಭ, ನನ್ನಿಂದ ಆಗದು. ಊರ ಜಾತ್ರೆಯ ವಂತಿಗೆಯನ್ನು ಯಾರ ಮನೆಯಿಂದ ಎತ್ತುತ್ತಿರಲಿಲ್ಲವೋ ಅವರಿಗೆ ತೇರಿನ ಹಗ್ಗವನ್ನು ಮುಟ್ಟುವ ಹಕ್ಕೂ ಇಲ್ಲದ ಊರುಗಳಿದ್ದವು. ಪಾಲು ಕೇಳದಿರುವುದು ದಯೆಯಾಗಿರಲಿಲ್ಲ, ಹೊರಗಿಡುವ ಉಪಾಯವಾಗಿತ್ತು. ಇಂದಿನ ಕೂಟಗಳಲ್ಲಿಯೂ, ಪಾಪ ಬಡವರು, ಅವರಿಂದೇನು ತೆಗೆದುಕೊಳ್ಳುವುದೆಂದು ಬಿಟ್ಟವರನ್ನು ಸಭೆಗೆ ಕರೆಯುವುದನ್ನೂ ಬಿಟ್ಟಿರುತ್ತೇವೆ. ಇನ್ನು ವಂತಿಗೆಗೆ ಒಂದು ಎಲ್ಲೆಯೂ ಉಂಟು. ಧರಣಿಯ 40 ದಿನ ಜನ ಧಾನ್ಯ ತರುತ್ತಾರೆ. ಹತ್ತು ವರ್ಷದ ಮೊಕದ್ದಮೆಗೆ, ನೀರಿನ ಪರೀಕ್ಷೆಗೆ, ಒಬ್ಬ ಗುಮಾಸ್ತೆಯ ತಿಂಗಳ ಸಂಬಳಕ್ಕೆ ದೊಡ್ಡ ಹಣವೇ ಬೇಕು. ಅದನ್ನು ಕೊಡಬಲ್ಲ ಉದಾರಿಗಳು ನಮ್ಮಲ್ಲಿಲ್ಲದೆ ಇಲ್ಲ. ಕಟ್ಟಡವನ್ನು ಕೇಳದೆ ಐದು ವರ್ಷದ ಬಸ್ಸಿನ ಚಾರ್ಜನ್ನು ಕೊಡುವ ಧೈರ್ಯ ಅವರಿಗೆ ಬರಬೇಕು. ಅದು ಬರುವುದಾದರೂ, ಕೂಟದವರು ಮೊದಲು ತಮ್ಮ ಕೈಯಿಂದ ಏನನ್ನಾದರೂ ಹಾಕಿರುವುದನ್ನು ಕಂಡ ಮೇಲೆಯೇ ಎಂದು ತೋರುತ್ತದೆ.

ನಡವಳಿಯ ಪುಸ್ತಕವನ್ನು ನಾನು ಮತ್ತೆ ಹೊರಗೆ ತೆಗೆದುದು ಹೋದ ತಿಂಗಳು. ಏಳರಲ್ಲಿ ಒಂದು, ಕೆರೆಯ ಅಂಚಿನ ಹಳ್ಳಿಯೊಂದರ ಸ್ತ್ರೀಶಕ್ತಿ ಗುಂಪು. ಮೊದಲ ಸಭೆಯಲ್ಲಿ ಹಣದ ಮಾತು ಬಂದಾಗ ಯಾರೂ ಅವರ ಕಡೆಗೆ ತಿರುಗಿರಲಿಲ್ಲ, ನಾನೂ ತಿರುಗಿರಲಿಲ್ಲ. ವಾರವಾರವೂ ಉಳಿತಾಯದ ಹಣವನ್ನು ಎಣಿಸಿ, ಬರೆದು, ಬೀಗ ಹಾಕುವುದನ್ನು ಕಲಿತವರು ಆ ಕೊಠಡಿಯಲ್ಲಿ ಅವರೊಬ್ಬರೇ ಎಂಬುದು ನಮಗಾರಿಗೂ ಹೊಳೆದಿರಲಿಲ್ಲ. ಆ ಗುಂಪಿನ ಹಿರಿಯಾಕೆ ಸಂತೆಯ ದಿನ ಕಾಲೇಜಿನ ಬಾಗಿಲಿಗೆ ಬಂದು, “ಮೇಷ್ಟ್ರೇ, ಆ ಕೆರೆ ಮೀಟಿಂಗು ಏನಾಯ್ತು? ತಿಂಗಳಿಗೆ ಎಷ್ಟು ಹಾಕ್ಬೇಕು ಅಂತ ಯಾರೂ ಹೇಳ್ಲೇ ಇಲ್ವಲ್ಲ” ಎಂದರು. ಸಂಸ್ಥೆಗೆ ಇನ್ನೂರು ರೂಪಾಯಿ ಸಾಕಾದೀತೇ ಎಂದು ನಾನು ಅಳುಕುತ್ತಲೇ ಕೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು: ಏಳು ಇನ್ನೂರು ಸಾವಿರದ ನಾನೂರು; ಬಸ್ಸಿಗೆ ಇಷ್ಟು, ಚಹಕ್ಕೆ ಇಷ್ಟು, ಉಳಿದರೆ ಜೆರಾಕ್ಸಿಗೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ತಮ್ಮ ಗುಂಪಿನ ಪಾಲನ್ನು ಮೇಜಿನ ಮೇಲೆ ಇಟ್ಟು, ರಸೀತಿ ಕೇಳಿದರು. ನನ್ನಲ್ಲಿ ರಸೀತಿ ಪುಸ್ತಕವಿರಲಿಲ್ಲ.